ನ್ಯೂಬರ್ಗ್ ಸ್ಟ್ರೀಟ್‌ನಿಂದ ಶುರು ಮಾಡು

ಚಿ. ಸುಹಾಸನಿಗೆ ಮಾವನ ಆಶೀರ್ವಾದಗಳು.

ಗಂಡಸರ ಉಡುಪಿನ ಅಂಗಡಿಗಳ ಇತಿಹಾಸವನ್ನೇ ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ಸಂತೋಷ. ಆದರೆ ನೀನು ಕಳಿಸಿದ ಬರಹ 1960ರ ದಶಕದ ಲಂಡನ್ನಿನ ಕಾರ್ನಬಿ ಸ್ಟ್ರೀಟ್‌ನಿಂದ ಶುರುವಾಗುತ್ತದೆ. ಎಡವಿದ್ದು ಅಲ್ಲೇ. ಪಕ್ಕದ ನ್ಯೂಬರ್ಗ್ ಸ್ಟ್ರೀಟ್‌ಗೆ ಹೋಗು, 1954ಕ್ಕೆ ಹೋಗು. ಬಿಲ್ ಗ್ರೀನ್ ‘ವಿನ್ಸ್ ಮ್ಯಾನ್ಸ್ ಶಾಪ್’ ತೆರೆದದ್ದು ಅಲ್ಲಿ.

ಗ್ರೀನ್ ಮೂಲತಃ ಫೋಟೋಗ್ರಾಫರ್, ದೇಹದಾರ್ಢ್ಯ ಪಟುಗಳ ಚಿತ್ರ ತೆಗೆಯುತ್ತಿದ್ದವನು. ಪೋಸು ಕೊಡುವವರಿಗೆ ಬೇಕಾದ ಚಿಕ್ಕ ಬ್ರೀಫ್‌ಗಾಗಿ ಹೆಂಗಸರು ಸೊಂಟ ಬಿಗಿಯಲು ಒಳಗೆ ತೊಡುವ ಎಲಾಸ್ಟಿಕ್ ರೋಲ್-ಆನ್ ತಂದು ಕತ್ತರಿಸಿ ಹೊಲಿಸಿದ. ಮೊದಲು ಅಂಚೆಯಲ್ಲಿ ಮಾರಿದ, ಆಮೇಲೆ ಅಂಗಡಿ ಹಾಕಿದ. ಹತ್ತಿರದ ಮಾರ್ಷಲ್ ಸ್ಟ್ರೀಟ್ ಈಜುಕೊಳಕ್ಕೆ ಬರುವ ಗೇ ಗಂಡಸರು, ವ್ಯಾಯಾಮಪಟುಗಳು, ನಾಟಕದವರು ಅವನ ಗಿರಾಕಿಗಳಾದರು. ಆಗ ಇಂಗ್ಲೆಂಡಿನಲ್ಲಿ ಗಂಡು ಗಂಡಿನ ಸಂಬಂಧಕ್ಕೆ ಜೈಲು. 1967ರ ಕಾನೂನು ಬಂದ ಮೇಲೂ ವಿನಾಯಿತಿ ಸಿಕ್ಕಿದ್ದು 21 ದಾಟಿದವರಿಗೆ, ಅದೂ ಖಾಸಗಿಯಾಗಿದ್ದರೆ ಮಾತ್ರ. ನಮ್ಮ 377ನೇ ಸೆಕ್ಷನ್ ಕೂಡ ಬ್ರಿಟಿಷರದ್ದೇ ಬಳುವಳಿ. 2018ರವರೆಗೆ ನಮ್ಮವರೂ ಅದರಡಿ ನರಳಿದರು. ಅಂಥ ಭಯದ ನಡುವೆಯೇ ಬಿಗಿ ಪ್ಯಾಂಟು, ಬಣ್ಣದ ಅಂಗಿ ಕೊಂಡು ಹಾಕಿಕೊಂಡವರು ಇವರು. ಇದನ್ನು ಅಡಿಟಿಪ್ಪಣಿಗೆ ತಳ್ಳಬೇಡ.

ಗ್ಲಾಸ್ಗೋದ ಜಾನ್ ಸ್ಟೀಫನ್ ಸ್ವಲ್ಪ ಕಾಲ ಗ್ರೀನ್ ಹತ್ತಿರ ಸೇಲ್ಸ್‌ಮನ್ ಆಗಿದ್ದ. ಬಾಳಿನಲ್ಲೂ ವ್ಯಾಪಾರದಲ್ಲೂ ಸಂಗಾತಿಯಾದ ಬಿಲ್ ಫ್ರಾಂಕ್ಸ್ ಜೊತೆ ಬೀಕ್ ಸ್ಟ್ರೀಟ್‌ನಲ್ಲಿ ಸ್ವಂತ ಅಂಗಡಿ ಹಾಕಿದ. ಅಲ್ಲಿ ಬೆಂಕಿ ಬಿದ್ದ ಮೇಲೆ ಕಾರ್ನಬಿ ಸ್ಟ್ರೀಟ್‌ಗೆ ಬಂದ. ಹಳೇ ಅಂಗಡಿಗಳಲ್ಲಿ ಮಾಲು ಕೌಂಟರಿನ ಹಿಂದೆ, ಡ್ರಾಯರಿನೊಳಗೆ ಇರುತ್ತಿತ್ತು. ಕೇಳಿದರೆ ತೆಗೆದು ತೋರಿಸುವರು. ಇವನು ಬಾಗಿಲು ತೆರೆದಿಟ್ಟ, ಜೋರಾಗಿ ಹಾಡು ಹಾಕಿದ, ಹುಡುಗರು ತಾವೇ ಮುಟ್ಟಿ ನೋಡುವಂತೆ ಬಟ್ಟೆ ತೂಗುಹಾಕಿದ. ಸ್ವಲ್ಪ ಸ್ವಲ್ಪ ಹೊಲಿಸಿ, ಮಾಲು ಬೇಗ ಬೇಗ ಬದಲಿಸುತ್ತಿದ್ದ. ಬಾಕ್ಸರ್ ಬಿಲ್ಲಿ ವಾಕರ್ ಅದೇ ಬಟ್ಟೆ ತೊಟ್ಟ ಫೋಟೋವನ್ನು ಕಿಟಕಿಯಲ್ಲಿ ಇಟ್ಟದ್ದನ್ನು ಗಮನಿಸು. ‘ಇದನ್ನು ಹಾಕಿದರೆ ಜನ ಏನಂದಾರು’ ಎಂದು ಹಿಂಜರಿಯುವ ಹುಡುಗನಿಗೆ ಆ ಫೋಟೋನೇ ಉತ್ತರ. ಗೇ ಗಿರಾಕಿಗಳ ಉಡುಪು ಊರಿನ ಉಡುಪಾದದ್ದು ಹೀಗೆ.

ಇನ್ನೊಂದು ಮಾತು. ಪಿಕಾಸೊ ವಿನ್ಸ್‌ನಲ್ಲಿ ಪ್ಯಾಂಟು ಕೊಂಡಿದ್ದಾನೆ, ನಟ ಶಾನ್ ಕಾನರಿ ಅದರ ಕ್ಯಾಟಲಾಗಿಗೆ ಮಾಡೆಲ್ ಆಗಿದ್ದಾನೆ. ಬಟ್ಟೆ ಕೊಂಡ, ತೊಟ್ಟ ಮಾತ್ರಕ್ಕೆ ಯಾರನ್ನೂ ಗೇ ಎಂದು ಬರೆಯಬೇಡ. ಸ್ಟೀಫನ್ ಗೇ ಎಂಬುದನ್ನು ಮುಚ್ಚಲೂ ಬೇಡ. ಎರಡೂ ತಪ್ಪೇ.

ಸ್ಟೀಫನ್‌ನ ಕಾಗದಪತ್ರ ಲಂಡನ್ನಿನ ವಿ ಅಂಡ್ ಎ (ವಿಕ್ಟೋರಿಯಾ ಅಂಡ್ ಆಲ್ಬರ್ಟ್) ಮ್ಯೂಸಿಯಂನಲ್ಲಿವೆ. ಮೊದಲೇ ದಿನ ಗೊತ್ತುಮಾಡಿಕೋ, ಪೆನ್ಸಿಲ್ ಮಾತ್ರ ಒಯ್ಯಿ. ಕಪ್ಪುಬಿಳುಪು ಫೋಟೋದಲ್ಲಿ ಬಣ್ಣ ಊಹಿಸಬೇಡ. ಜೊತೆಗಿನ ವಿವರ ಓದಿ ಬರೆದುಕೋ.

ಆ ಕಾಲದ ಹಿಪ್‌ಸ್ಟರ್ ಪ್ಯಾಂಟು, ಅಂದರೆ ಸೊಂಟಕ್ಕಿಂತ ಕೆಳಗೆ ಕೂರುವ ಪ್ಯಾಂಟು, ಎಲ್ಲಾದರೂ ಕೈಗೆ ಸಿಕ್ಕರೆ ಮೇಜಿನ ಮೇಲೆ ಚಪ್ಪಟೆ ಹಾಸು, ಎಳೆಯಬೇಡ. ಬಟ್ಟೆ ಟೇಪಿನಲ್ಲಿ ಸೊಂಟ, ಸೀಟು, ತೊಡೆ, ಮಂಡಿ, ಬಾಟಮ್ ಅಳೆ. ಕಾಲು ಕೂಡುವ ಹೊಲಿಗೆಯಿಂದ ಸೊಂಟಪಟ್ಟಿಯವರೆಗೆ ಮುಂದಿನ, ಹಿಂದಿನ ಅಳತೆ ಬೇರೆಬೇರೆ ಬರೆ. ಸಾದಾ ಪ್ಯಾಂಟಿನ ಮೇಲ್ಭಾಗ ಎರಡಿಂಚು ಕತ್ತರಿಸಿಬಿಟ್ಟರೆ ಹಿಪ್‌ಸ್ಟರ್ ಆಗದು. ಸೊಂಟಕ್ಕೆ ಆಕಾರ ಕೊಡಲು ಮಡಿಸಿ ಹೊಲಿದ ಡಾರ್ಟು ಹಾರಿಹೋಗುತ್ತದೆ, ನೇರ ಪಟ್ಟಿ ಹಿಂದೆ ಬಾಯಿ ಬಿಡುತ್ತದೆ, ಕೂತಾಗ ಜಾರುತ್ತದೆ. ಹಿಂಭಾಗ ಎತ್ತರವಿಟ್ಟು ಪಟ್ಟಿಯನ್ನು ಬಾಗಿಸಿ ಕತ್ತರಿಸಬೇಕು. ಒಳಗೆ ಹಳೇ ಸೂಜಿಯ ತೂತಿದೆಯೇ ನೋಡು. ಇದ್ದರೆ ಆಮೇಲೆ ಯಾರೋ ಬಿಚ್ಚಿ ಹೊಲಿದಿದ್ದಾರೆ, ಆ ಅಳತೆ ಮೂಲದ್ದಲ್ಲ.

ಅಳತೆಗಳನ್ನು ಬರೆದು ಕಳಿಸು, ಹಿಂಭಾಗದ ಫೋಟೋ ತಪ್ಪದೆ ಜೊತೆಗಿರಲಿ. ಅದರಿಂದ ಪ್ಯಾಂಟಿನ ಕಟಿಂಗ್ ಡ್ರಾಫ್ಟ್ ಹಾಕಿ ನೋಡುತ್ತೇನೆ.

ನಿನ್ನ ಮಾವ