ಡಿಸ್ಚಾರ್ಜ್ ಆದ ಮೇಲೂ ಅವರ ಕೈ ಬಿಡಬೇಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ಸ್ತನ ಕ್ಯಾನ್ಸರ್ ಆಪರೇಷನ್ ಆದವರಿಗೆ ಫೋನು, ವಿಡಿಯೋ ಕಾಲ್ ಮೂಲಕ ಮನೆಯಲ್ಲೇ ಫಿಸಿಯೋಥೆರಪಿ ನೆರವು ಸಿಗುವ ಹಾಗೆ ಮಾಡಿ ಎಂದು ಕೇಳಲು ಈ ಪತ್ರ.

ಗಡ್ಡೆಯ ಜೊತೆ ಕಂಕುಳಿನ ಗ್ರಂಥಿಗಳನ್ನೂ ತೆಗೆದಾಗ ಎಷ್ಟೋ ಜನರಿಗೆ ಆ ಕಡೆಯ ಭುಜ ಬಿಗಿದುಕೊಳ್ಳುತ್ತದೆ. ಕೆಲವರಿಗೆ ಕಂಕುಳಿನಿಂದ ಮೊಣಕೈ ಕಡೆಗೆ ಚರ್ಮದ ಅಡಿಯಲ್ಲಿ ತಂತಿ ಬಿಗಿದ ಹಾಗೆ ಆಗುತ್ತದೆ. ಇನ್ನು ಕೆಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕೈ ಊದಿಕೊಳ್ಳುತ್ತದೆ. ರೇಡಿಯೇಷನ್‌ಗೆ ಕೈಯನ್ನು ತಲೆಯ ಮೇಲೆ ಎತ್ತಿಟ್ಟು ಅಲುಗಾಡದೆ ಮಲಗಬೇಕು. ಭುಜ ಏಳದಿದ್ದರೆ ಅದೂ ಕಷ್ಟ.

ನಮ್ಮಕ್ಕನಿಗೆ ಡಿಸ್ಚಾರ್ಜ್ ದಿನ ವ್ಯಾಯಾಮದ ಚಿತ್ರಗಳಿದ್ದ ಒಂದು ಹಾಳೆ ಕೊಟ್ಟರು. ಗೋಡೆಯ ಎದುರು ನಿಂತು ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸಬೇಕು. ಭುಜದ ಮಟ್ಟಕ್ಕೆ ಬರುವಷ್ಟರಲ್ಲಿ ಕಂಕುಳು ಎಳೆಯಿತು. ಹೊಲಿಗೆ ಬಿಚ್ಚಿಕೊಂಡೀತು ಅಂತ ಹೆದರಿ ನಿಲ್ಲಿಸಿಬಿಟ್ಟಳು. "ಇಷ್ಟು ಎಳೆದರೆ ಪರವಾಗಿಲ್ಲ, ಜಾಸ್ತಿ ಬೇಡ" ಅನ್ನುವವರು ಬೇಕಿದ್ದದ್ದು ಆಗ. ಹಾಳೆಗೆ ಅದು ಹೇಳಲು ಬರುವುದಿಲ್ಲ, ಅಲ್ವಾ? ವಿಡಿಯೋದಲ್ಲಿ ನೋಡುತ್ತಿರುವ ಫಿಸಿಯೋಥೆರಪಿಸ್ಟ್ ಹೇಳಬಲ್ಲರು. ಕೈ ಬದಲು ಸುಮ್ನೆ ಹೆಗಲನ್ನೇ ಕಿವಿಯ ತನಕ ಎತ್ತುತ್ತಿದ್ದರೆ ಅದನ್ನೂ ಗಮನಿಸಿ ತಿದ್ದಬಲ್ಲರು. ಕೀಮೋದಿಂದ ಸುಸ್ತಾದವರು ಇಷ್ಟಕ್ಕಾಗಿ ಆಸ್ಪತ್ರೆಗೆ ಅಲೆಯಬೇಕಾಗಿಲ್ಲ.

ಬ್ರಿಟನ್ನಿನಲ್ಲಿ ಭುಜದ ತೊಂದರೆ ಬರುವ ಸಾಧ್ಯತೆ ಹೆಚ್ಚಿದ್ದ 392 ಮಹಿಳೆಯರ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಬರೀ ಮಾಹಿತಿ ಪತ್ರ ಸಿಕ್ಕವರಿಗಿಂತ ಫಿಸಿಯೋಥೆರಪಿಸ್ಟ್ ನೆರವಿನಿಂದ ವ್ಯಾಯಾಮ ಮಾಡಿದವರ ಕೈ ಒಂದು ವರ್ಷದ ಹೊತ್ತಿಗೆ ಚೆನ್ನಾಗಿ ಆಡುತ್ತಿತ್ತು, ನೋವೂ ಕಡಿಮೆ ಇತ್ತು. ಅಲ್ಲಿ ಎದುರೆದುರು ಕೂರಿಸಿ ಕಲಿಸಿದ್ದರು. ಅದಕ್ಕೇ ಮೊದಲ ಪಾಠ ಆಸ್ಪತ್ರೆಯಲ್ಲೇ ಆಗಲಿ, ಮುಂದಿನದು ಮನೆಯಿಂದ ನಡೆಯಲಿ ಅನ್ನುವುದು ನನ್ನ ಬೇಡಿಕೆ.

ಎದೆಯ ಗಾಯ ತೋರಿಸಲು ಯಾರಿಗಾದರೂ ಮುಜುಗರವೇ. ಕೇಳಿದವರಿಗೆ ಮಹಿಳಾ ಫಿಸಿಯೋಥೆರಪಿಸ್ಟ್ ಸಿಗಬೇಕು. ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಬಾರದು. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಮಾಮೂಲಿ ಕರೆಯಾದರೂ ಬರಲಿ. ಕೈ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಗಾಯ ಸೋರಿದರೆ ಮಾತ್ರ ಫೋನಿನಲ್ಲೇ ಮುಗಿಸಬಾರದು. ಅಂಥವರನ್ನು ಅದೇ ದಿನ ಡಾಕ್ಟರು ನೋಡಬೇಕು.

ಇದಕ್ಕೊಂದು ಆದೇಶ ಹೊರಡಿಸಿ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ ಫಿಸಿಯೋಥೆರಪಿಸ್ಟ್ ಹೆಸರು, ಅವರು ಕರೆ ಮಾಡುವ ದಿನ, ಹೊತ್ತು ಕಡ್ಡಾಯವಾಗಿ ಬರೆದಿರಬೇಕು.

ಇಂತಿ,
ಆಪರೇಷನ್ ಆದವರೊಬ್ಬರ ತಂಗಿ