ಮಲಕ್ಕಾದಲ್ಲಿ ಉಳಿದ ಒಂದು ಬಾಗಿಲು

ಪ್ರೀತಿಯ ಗೆಳೆಯಾ,

ಮಲೇಷ್ಯಾದ ಮಲಕ್ಕಾಕ್ಕೆ ಬಂದು ಮೂರು ದಿನ ಆಯ್ತು. ನೀನು ಕೇಳಿದ್ದ ಪೋರ್ಚುಗೀಸರ ಕೋಟೆಯನ್ನು ಮೊದಲ ದಿನವೇ ನೋಡಿದೆ. ಕೋಟೆ ಅಂದರೆ ಈಗ ಒಂದು ಬಾಗಿಲು, ಅಷ್ಟೇ.

ಗೋವಾ ಹಿಡಿದ ಮರುವರ್ಷ, 1511ರಲ್ಲಿ, ಪೋರ್ಚುಗೀಸರ ದಂಡನಾಯಕ ಅಲ್ಬುಕರ್ಕ್ ಈ ಊರನ್ನು ಗೆದ್ದ. ಲವಂಗ, ಜಾಯಿಕಾಯಿ ಎಲ್ಲ ಈ ಬಂದರು ದಾಟಿಯೇ ಪಶ್ಚಿಮಕ್ಕೆ ಹೋಗಬೇಕಿತ್ತು. ಗುಜರಾತಿಗಳು, ತಮಿಳರು, ಚೀನೀಯರು ಗಾಳಿ ತಿರುಗುವವರೆಗೂ ಇಲ್ಲೇ ಕಾಯುತ್ತಿದ್ದರು. ಗೆದ್ದವನು ಮಸೀದಿಯ, ಸುಲ್ತಾನರ ಗೋರಿಗಳ ಕಲ್ಲು ಕೀಳಿಸಿ ಕೋಟೆ ಕಟ್ಟಿಸಿದ. ಅದು ನೆನಪಾಗಿ, ಗೋಡೆ ಮುಟ್ಟಲು ಹೋದ ಕೈ ಹಿಂದೆ ಬಂತು.

ಬಾಗಿಲ ಮೇಲೆ ಕೆತ್ತಿರುವುದು ಡಚ್ ಕಂಪನಿಯ ಲಾಂಛನ, ಇಸವಿ 1670. 1641ರಲ್ಲಿ ಊರು ಅವರ ಪಾಲಾಗಿತ್ತು. ಆಮೇಲೆ ಬಂದ ಇಂಗ್ಲಿಷರು, ಕೋಟೆ ಮತ್ತೆ ಬೇರೆಯವರ ಕೈಗೆ ಸಿಗಬಾರದು ಅಂತ 1807ರಲ್ಲಿ ಮದ್ದಿಟ್ಟು ಸಿಡಿಸಿದರು.

ಹಿಂದಿನ ಗುಡ್ಡದ ಮೇಲೆ ಸೂರಿಲ್ಲದ ಇಗರ್ಜಿ ಇದೆ. ಒಳಗೆ ಜಾಲರಿ ಮುಚ್ಚಿದ ಒಂದು ಖಾಲಿ ಗುಂಡಿ. ಹಳೆ ಗೋವಾದಲ್ಲಿ ಬೆಳ್ಳಿ ಪೆಟ್ಟಿಗೆ ನೋಡಿದ್ದೆವಲ್ಲ, ಆ ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹವನ್ನು ಗೋವಾಕ್ಕೆ ಒಯ್ಯುವ ಮೊದಲು, 1553ರಲ್ಲಿ, ಇಟ್ಟಿದ್ದು ಇಲ್ಲಿ. ತುಂಬಾ ಹೊತ್ತು ಅಲ್ಲೇ ನಿಂತಿದ್ದೆ.

ಆದರೆ ನಿನಗೆ ಹೇಳಲೇಬೇಕಾದದ್ದು ಬೇರೆ. ಉಜೊಂಗ್ ಪಾಸಿರ್ ಅಂತ ಒಂದು ಕಡಲ ಅಂಚಿನ ಕೇರಿ. ಅಲ್ಲಿರುವವರು ಕ್ರಿಸ್ತಾಂಗ್ ಜನ. ಪೋರ್ಚುಗೀಸರಿಗೂ ಇಲ್ಲಿನ ಹೆಂಗಸರಿಗೂ ಹುಟ್ಟಿದ ಮಕ್ಕಳ ವಂಶ. ತಲೆಮಾರುಗಳಿಂದ ಮೀನುಗಾರರು. ಆಳುವವರು ಹೋಗಿ ಹೆಚ್ಚುಕಡಿಮೆ ನಾನೂರು ವರ್ಷ ಆಯ್ತು. ಆದರೂ ಪೋರ್ಚುಗೀಸಿನಿಂದ ಹುಟ್ಟಿದ ತಮ್ಮ ಭಾಷೆಯನ್ನು ಮನೆಯಲ್ಲಿ ಆಡಿ ಆಡಿಯೇ ಉಳಿಸಿಕೊಂಡರು. ಈಗ ಆಡುವವರು ಜಾಸ್ತಿ ಮುದುಕರೇ. ಅದೊಂದು ಸಂಕಟ. ಬಲೆ ಹೆಣೆಯುತ್ತಿದ್ದ ಅಜ್ಜನಿಗೆ ಕೆಳಗೆ ಬಿದ್ದ ನೂಲಿನ ಉಂಡೆ ಎತ್ತಿಕೊಟ್ಟೆ. 'ಮೂತು ಮೆರ್ಸೆ' ಅಂದರು. ತುಂಬಾ ಉಪಕಾರ ಅಂತ ಅರ್ಥ.

ಇಲ್ಲಿ ಮಲಯ್ ಭಾಷೆಯಲ್ಲೂ ಅಲಮಾರನ್ನು 'ಅಲ್ಮಾರಿ' ಅನ್ನುತ್ತಾರೆ, ಕಿಟಕಿಗೆ 'ಜಂದೆಲ'. ಮಂಗಳೂರಿನಲ್ಲಿ ನಿಮ್ಮಜ್ಜಿ ಜನೆಲ್ ಮುಚ್ಚು ಅಂತಿದ್ದರು, ಅಲ್ವಾ? ಎರಡೂ ಕಡೆಗೆ ಒಂದೇ ಹಡಗಿನವರು ಬಿಟ್ಟುಹೋದ ಮಾತು.

ಜೂನ್ 29ಕ್ಕೆ ಆ ಕೇರಿಯಲ್ಲಿ ಸಾನ್ ಪೆದ್ರು, ಅಂದರೆ ಸಂತ ಪೀಟರನ ಹಬ್ಬ. ದೋಣಿಗಳನ್ನೆಲ್ಲ ಸಿಂಗರಿಸುತ್ತಾರಂತೆ. ಮುಂದಿನ ವರ್ಷ ರಜೆ ಹಾಕು, ಇಬ್ಬರೂ ಬರೋಣ.

ನಿನ್ನ ಗೆಳೆಯ