ನಾಯಿಮರಿಗೆ ಕೆಲವು ವಾರದ ಮಟ್ಟಿಗೆ ಜಾಗ ಕೊಡಿ

ಮಾನ್ಯ ಸಂಪಾದಕರೆ,

ಬೀದಿನಾಯಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಆದೇಶಗಳು ಬಂದ ಮೇಲೆ ಎಲ್ಲಿ ನೋಡಿದರೂ ಎರಡೇ ಮಾತು. ಎಲ್ಲವನ್ನೂ ಹಿಡಿದು ಶೆಲ್ಟರಿಗೆ ಹಾಕಿ ಎನ್ನುವವರು ಒಂದು ಕಡೆ. ಅಷ್ಟು ಪ್ರೀತಿ ಇದ್ದರೆ ನಿಮ್ಮ ಮನೆಗೇ ಕರೆದುಕೊಂಡು ಹೋಗಿ ಎನ್ನುವವರು ಇನ್ನೊಂದು ಕಡೆ. ಎರಡನೆಯದನ್ನು ಹೆಚ್ಚಿನವರು ಕುಟುಕುವುದಕ್ಕೆ ಹೇಳುತ್ತಾರೆ, ಆದರೆ ಅದರಲ್ಲಿ ತಪ್ಪೇನಿದೆ? 2025ರ ಆಗಸ್ಟ್ 22ರ ಆದೇಶದಲ್ಲಿ ಕೋರ್ಟೇ ಇದಕ್ಕೆ ದಾರಿ ಬಿಟ್ಟಿದೆ. ಬೀದಿನಾಯಿ ದತ್ತು ಬೇಕಾದವರು ಸ್ಥಳೀಯ ಆಡಳಿತಕ್ಕೆ ಅರ್ಜಿ ಕೊಡಬಹುದು, ಅದು ಮತ್ತೆ ಬೀದಿಗೆ ಬಾರದ ಹಾಗೆ ನೋಡಿಕೊಳ್ಳುವ ಹೊಣೆ ಅವರದ್ದು. ಸರಿ. ಆದರೆ ಬೀದಿಯಿಂದ ಎತ್ತಿದ ದಿನಕ್ಕೂ ದತ್ತು ಹೋಗುವ ದಿನಕ್ಕೂ ನಡುವೆ ಕೆಲವು ವಾರ ಉಂಟಲ್ಲ, ಆ ವಾರಗಳಲ್ಲಿ ಮರಿ ಎಲ್ಲಿರಬೇಕು? ಅದನ್ನು ಯಾರೂ ಮಾತಾಡುವುದಿಲ್ಲ.

ಮಂಗಳೂರಿನಲ್ಲಿ ಮರಿಗಳು ಹೇಗೆ ಸಿಗುತ್ತವೆ ಎಂದು ಎಲ್ಲರಿಗೂ ಗೊತ್ತು. ಮೀನು ಮಾರ್ಕೆಟ್ ಹತ್ತಿರ ಒಂದು ಗೋಣಿ, ಹೋಟೆಲಿನ ಹಿಂದೆ ಒಂದು ರಟ್ಟಿನ ಪೆಟ್ಟಿಗೆ. ಬಿಟ್ಟು ಹೋದವರಿಗೆ 'ಯಾರಾದರೂ ಅನ್ನ ಹಾಕುತ್ತಾರೆ' ಎಂಬ ಧೈರ್ಯ. ಹಸಿವೆ ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಹೀಗೆ ಕಾರಣವಿಲ್ಲದೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ! ಇವತ್ತು ಚಹಾ, ಗೋಳಿಬಜೆಗೂ ಸಾಲುವುದು ಕಷ್ಟ. ಹೆದರಬೇಕಾದವರು ಹೆದರುವುದಿಲ್ಲ, ಬಿಡಿ.

ಇಷ್ಟು ಸಣ್ಣ ಮರಿಯನ್ನು ನೇರ ಶೆಲ್ಟರಿಗೆ ಕೊಡಬೇಡಿ ಎಂದು ನಾನು ಹೇಳುವುದು ಅಲ್ಲಿಯವರ ಮೇಲಿನ ಸಿಟ್ಟಿನಿಂದ ಅಲ್ಲ. ಅವರು ಎಷ್ಟು ತೊಳೆದರೂ ನಾಯಿ ಜಾಸ್ತಿ ಇರುವ ಜಾಗಕ್ಕೆ ಪಾರ್ವೊ ಎಂಬ ರೋಗ ಬಂದರೆ ಹೋಗುವುದು ಕಷ್ಟ. ಆ ವೈರಸ್ ನೆಲದಲ್ಲಿ, ಪಾತ್ರೆಯಲ್ಲಿ, ಚಪ್ಪಲಿಯ ಅಡಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್ ಹಾಕಿ ಒರೆಸಿದರೆ ಸಾಲದು, ಬ್ಲೀಚ್ ಬೇಕು. ತಾಯಿಯಿಂದ ಬಂದ ರಕ್ಷಣೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ. ಲಸಿಕೆಯ ರಕ್ಷಣೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಆರರಿಂದ ಎಂಟು ವಾರದ ಹೊತ್ತಿಗೆ ಮೊದಲ ಇಂಜೆಕ್ಷನ್ ಕೊಟ್ಟರೂ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಕೊಡುತ್ತಾ 16 ವಾರ ದಾಟಿಸಬೇಕು. ಈ ನಡುವಿನ ಸಮಯವೇ ಅಪಾಯದ್ದು. ನಿನ್ನೆ ಕುಣಿಯುತ್ತಿದ್ದ ಮರಿ ಇವತ್ತು ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ನಾರುವ ರಕ್ತಭೇದಿ ಶುರುವಾಗುತ್ತದೆ, ಸಂಜೆವರೆಗೆ ಕಾದು ನೋಡೋಣ ಎಂದರೆ ಕೆಲವೊಮ್ಮೆ ಅಷ್ಟು ಹೊತ್ತೂ ಇರುವುದಿಲ್ಲ. ಮನೆಯಲ್ಲಿ ಒಂದೋ ಎರಡೋ ಮರಿಗಳನ್ನು ಬೇರೆಯೇ ಇಟ್ಟರೆ ಈ ಅಪಾಯ ತುಂಬಾ ತಗ್ಗುತ್ತದೆ. ಇದನ್ನೇ ಫಾಸ್ಟರ್ ಎನ್ನುತ್ತಾರೆ. ಮರಿ ನಿಮ್ಮದಲ್ಲ, ಒಳ್ಳೆಯ ಮನೆ ಸಿಗುವವರೆಗೆ ನಿಮ್ಮಲ್ಲಿರುತ್ತದೆ, ಅಷ್ಟೆ.

ದೊಡ್ಡ ಬಂಗಲೆ ಏನೂ ಬೇಡ. ಒಂದು ಸಿಟ್‌ಔಟ್ ಸಾಕು, ಹಳೆಯ ಮನೆಯಾದರೆ ಕಟ್ಟಿಗೆ ಇಡುವ ಕೊಟ್ಟಿಗೆಯ ಮೂಲೆಯೂ ಆದೀತು, ಮಳೆ ನೀರು ಒಳಗೆ ಬರಬಾರದು ಅಷ್ಟೆ. ಮನೆಯಲ್ಲಿ ಮೊದಲೇ ನಾಯಿ ಇದ್ದರೆ ಎರಡು ವಾರ ಎರಡನ್ನೂ ಸೇರಿಸಬೇಡಿ, ಪಾತ್ರೆಯೂ ಬೇರೆ ಇರಲಿ. ದನದ ಹಾಲು ಕೊಡಬೇಡಿ, ಹೆಚ್ಚಿನ ಮರಿಗಳಿಗೆ ಭೇದಿ ಆಗುತ್ತದೆ. ಮೆತ್ತಗೆ ಬೆಂದ ಅನ್ನಕ್ಕೆ ಬೇಯಿಸಿದ ಕೋಳಿಯೋ ಮುಳ್ಳು ತೆಗೆದ ಮೀನೋ ಕಲಸಿ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ. ಮಸಾಲೆ ಬೇಡ, ನೀರುಳ್ಳಿಯಂತೂ ಬೇಡವೇ ಬೇಡ, ಅದು ನಾಯಿಯ ರಕ್ತವನ್ನೇ ಕೆಡಿಸುತ್ತದೆ. ಜಂತುಹುಳದ ಮದ್ದನ್ನು ತೂಕ ನೋಡಿ ಡಾಕ್ಟರೇ ಕೊಡಲಿ. ನಮ್ಮ ಮಳೆಗಾಲದಲ್ಲಿ ಇಲಿ ಜ್ವರ ಮನುಷ್ಯರಿಗೂ ಬರುತ್ತದೆ, ನಾಯಿಗೂ ಬರುತ್ತದೆ. ಅದಕ್ಕೂ ಸೇರಿಸಿದ ಲಸಿಕೆ ಉಂಟು, ಕೇಳಿ ಹಾಕಿಸಿ. ಉಣ್ಣಿಯನ್ನು ದಿನಾ ನೋಡಬೇಕು, ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ.

ಇನ್ನೊಂದು ವಿಷಯ, ಹೆದರಿಸುವುದಕ್ಕೆ ಹೇಳುತ್ತಿಲ್ಲ. ತಾಯಿ ಯಾವುದೆಂದು ಗೊತ್ತಿಲ್ಲದ ಮರಿ ಕಚ್ಚಿದರೆ ಅಥವಾ ಪರಚಿ ಗಾಯವಾದರೆ 'ಮರಿ ಅಲ್ವಾ, ಏನಾಗುತ್ತದೆ' ಎಂದು ಬಿಡಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ರೇಬೀಸ್ ಮರಿಗಳಿಗೂ ಬರುತ್ತದೆ. ಮರಿಗೆ ಅದರ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ.

ಇಷ್ಟೆಲ್ಲ ಬರೆದರೂ ಫಾಸ್ಟರ್ ಮನೆಯ ದೊಡ್ಡ ಉಪಕಾರ ಮದ್ದು, ಇಂಜೆಕ್ಷನ್ ಅಲ್ಲ ಎಂದೇ ನನಗೆ ಅನಿಸುವುದು. ಮೂರನೇ ವಾರದಿಂದ ಸುಮಾರು 14ನೇ ವಾರದವರೆಗೆ ಮರಿ ಏನನ್ನು ನೋಡಿ, ಕೇಳಿ, ಮೂಸಿ ಬೆಳೆಯುತ್ತದೋ ಅದಕ್ಕೆ ಮುಂದೆ ಅಷ್ಟಾಗಿ ಹೆದರುವುದಿಲ್ಲ. ಕುಕ್ಕರಿನ ವಿಸಿಲು, ಮಿಕ್ಸಿ, ಗೇಟಿನ ಸದ್ದು, ಹೆಲ್ಮೆಟ್ ಹಾಕಿದ ಕೊರಿಯರ್ ಹುಡುಗ, ಕೋಲು ಹಿಡಿದ ಅಜ್ಜ, ಓಡುವ ಮಕ್ಕಳು, ಪಕ್ಕದ ಗದ್ದೆಯ ಯಕ್ಷಗಾನದ ಚೆಂಡೆ, ಇದೆಲ್ಲ ಅದಕ್ಕೆ ಪಾಠ. ಬೋನಿನಲ್ಲಿ ಕೂತು ಬೆಳೆದ ಮರಿಗೆ ಈ ಪಾಠ ಸಿಗುವುದಿಲ್ಲ. ಮುಂದೆ ಅದೇ ಹೆದರಿಕೆಯಿಂದ ಹಲ್ಲು ತೋರಿಸುತ್ತದೆ, ಆಗ 'ಬೀದಿನಾಯಿ ಜಾತಿಯೇ ಹೀಗೆ' ಎನ್ನುತ್ತೇವೆ. ಲಸಿಕೆ ಮುಗಿಯುವ ಮೊದಲು ರಸ್ತೆಯಲ್ಲಿ ನಡೆಸಬಾರದು, ಹಾಗಾಗಿ ನಾವು ಎತ್ತಿಕೊಂಡೇ ತಿರುಗಾಡಿಸುತ್ತೇವೆ, ನೋಡಿದವರು ನಗುತ್ತಾರೆ, ನಗಲಿ.

ನನ್ನಲ್ಲಿ ಜಾಸ್ತಿ ಜನ ಕೇಳುವುದು, ಕಳಿಸುವಾಗ ಬೇಜಾರಾಗುವುದಿಲ್ವಾ ಅಂತ. ಆಗುತ್ತದೆ ಮಾರಾಯ್ರೆ. ಮರಿ ಬಂದ ದಿನ 'ಜಗಲಿ ದಾಟಿಸಬೇಡ' ಎಂದಿದ್ದ ನನ್ನ ಅತ್ತೆ, ಅದು ಹೋದ ರಾತ್ರಿ ಹೊಸ ಮನೆಯವರಿಗೆ ಫೋನ್ ಮಾಡಿ ಊಟ ಮಾಡಿತಾ, ಮಲಗಿತಾ, ನೀರುಳ್ಳಿ ಕೊಡಬೇಡಿ ಎಂದು ಒಂದೇ ಸಮನೆ ಹೇಳಿದರು. ಮರಿಯನ್ನು ಇಟ್ಟುಕೊಳ್ಳೋಣ ಎಂಬ ಆಸೆ ಪ್ರತಿ ಸಲ ಬರುತ್ತದೆ. ಇಟ್ಟುಕೊಂಡರೆ ಮುಂದಿನ ಮರಿಗೆ ಜಾಗ ಇಲ್ಲ.

ಬೇಜಾರಿಗಿಂತ ದೊಡ್ಡ ಅಡ್ಡಿ ಅಪಾರ್ಟ್‌ಮೆಂಟಿನ ಅಸೋಸಿಯೇಷನ್. ನಾಯಿ ಸಾಕುವಂತಿಲ್ಲ ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿದ ಕೂಡಲೇ ಅದು ಕಾನೂನಾಗುವುದಿಲ್ಲ. ಹಾಗೆ ನಿಷೇಧಿಸಲು ಸಂಘಗಳಿಗೆ ಅಧಿಕಾರ ಇಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಹಾಗೆಂದು ಲಿಫ್ಟಿನಲ್ಲಿ ಮೂತ್ರ ಮಾಡಿಸಿ ಒರೆಸದೆ ಹೋಗುವವರ ಪರವಾಗಿ ನಾನು ಮಾತಾಡುವುದಿಲ್ಲ. ಅಂಥವರಿಂದಲೇ ಉಳಿದವರಿಗೂ ಕಷ್ಟ.

ದತ್ತು ಕೊಡುವಾಗ ಮುಲಾಜು ಬೇಡ. 'ರಾತ್ರಿ ಎಲ್ಲಿ ಮಲಗಿಸುತ್ತೀರಿ' ಎಂದು ನಾನು ಮೊದಲೇ ಕೇಳುತ್ತೇನೆ. ಕಾರ್ಕಳ, ಬೆಳ್ತಂಗಡಿ ಕಡೆ ತೋಟದ ಕಾವಲಿಗೆಂದು ಹೊರಗೆ ಸಂಕೋಲೆಯಲ್ಲಿ ಕಟ್ಟಿದ ನಾಯಿಯನ್ನು ಚಿರತೆ ಎತ್ತಿಕೊಂಡು ಹೋಗುವುದು ಹೊಸ ಸುದ್ದಿಯಲ್ಲ. ರೂಮು ಮಾಡಿಕೊಂಡಿರುವ ವಿದ್ಯಾರ್ಥಿಗಳು ಬಂದರೆ ಕೋರ್ಸ್ ಮುಗಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಬೇಕು, ಪ್ರೀತಿ ಇಲ್ಲ ಎಂದಲ್ಲ, ಮರಿ ಹತ್ತು ಹದಿನೈದು ವರ್ಷ ಬದುಕುತ್ತದೆ ಎಂಬ ಕಾರಣಕ್ಕೆ. ಸುಮಾರು ಆರು ತಿಂಗಳಾದಾಗ ಸಂತಾನಹರಣ ಆಪರೇಷನ್ ಮಾಡಿಸುತ್ತೇವೆ ಎಂದು ಬರೆಸಿಕೊಳ್ಳಿ, ಆಮೇಲೆ ಫೋನ್ ಮಾಡಿ ಕೇಳಿ ಸಹ. ಸರಿಹೋಗದಿದ್ದರೆ ಎಲ್ಲಿಯೂ ಬಿಡಬೇಡಿ, ನಮಗೇ ತಂದುಕೊಡಿ ಎಂದು ಹೇಳಿಡಬೇಕು. ಮತ್ತೆ ಈ ಗಂಡು ಹೆಣ್ಣಿನ ಸಂಗತಿ. ಬಂದವರಲ್ಲಿ ಹೆಚ್ಚಿನವರಿಗೆ ಗಂಡೇ ಬೇಕು. ಹೆಣ್ಣು ಮರಿ ಹಾಕುತ್ತದಲ್ಲ ಎನ್ನುತ್ತಾರೆ. ಆಪರೇಷನ್ ಮಾಡಿಸಿದರೆ ಹಾಕುವುದಿಲ್ಲ ಎಂದು ಹೇಳಿ ಹೇಳಿ ಸಾಕಾಗಿದೆ.

ಮಹಾನಗರ ಪಾಲಿಕೆಯಲ್ಲಿ, ಉಡುಪಿ ನಗರಸಭೆಯಲ್ಲಿ ನನ್ನ ಕೋರಿಕೆ ಸಣ್ಣದು. ಫಾಸ್ಟರಿಗೆ ತಯಾರಿರುವ ಮನೆಗಳ ಒಂದು ಪಟ್ಟಿ ಇಡಿ, ಅಂಥ ಮರಿಗಳ ಲಸಿಕೆಯ ಖರ್ಚಿಗೆ ಏನಾದರೂ ದಾರಿ ಮಾಡಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದಂದು ಶಿಬಿರ ಮಾಡುವುದು ಒಳ್ಳೆಯದೇ, ಆದರೆ ಮರಿಗಳು ವರ್ಷವಿಡೀ ಸಿಗುತ್ತವೆ.

ನಿಮ್ಮಲ್ಲೂ ಒಂದು ಕೇಳುವುದಿದೆ. ಸೈಟು, ಕಾರು, ವಧು ವರರ ಜಾಹೀರಾತಿನ ಪುಟದಲ್ಲಿ ವಾರಕ್ಕೊಮ್ಮೆ ಅಂಗೈಯಷ್ಟು ಜಾಗ ಈ ಮರಿಗಳಿಗೆ ಬಿಡಬಹುದಾ? ಫೋಟೊ, ವಯಸ್ಸು, ಎಷ್ಟು ಲಸಿಕೆ ಆಗಿದೆ, ಸದ್ಯ ಯಾವ ಊರಲ್ಲಿದೆ, ಇಷ್ಟು ಇದ್ದರೆ ಸಾಕು. ಹೆಣ್ಣು ಮರಿಗಳ ಫೋಟೊ ಮೇಲಿನ ಸಾಲಿನಲ್ಲಿ ಹಾಕಿ.

ಇತಿ,
ಓದುಗರೊಬ್ಬರು, ಬಿಜೈ, ಮಂಗಳೂರು